ಹೋಗಿ ಬರುತ್ತೇನೆ

೧೭ ಮೇ ೧೯೩೬, ಭಾನುವಾರ.

ಆ ಅಜ್ಜಿಗೆ ಏನು ಹೇಳಬೇಕಿತ್ತೋ, ಇನ್ನೂ ತೋಚುತ್ತಿಲ್ಲ.

ಜೊತೆಗೆ ಓದುವ ವಾಲ್ಟರ್ ತನ್ನ ಹಳ್ಳಿಗೆ ಕರೆದೊಯ್ದಿದ್ದ. ಇಂಗ್ಲೆಂಡಿನಲ್ಲೂ ಇಷ್ಟು ಪುಟ್ಟ ಊರುಗಳಿವೆ. ಬೇಲಿಗಳ ತುಂಬ ಬಿಳಿ ಹೂ, ದಿಬ್ಬದ ಮೇಲೆ ಕುರಿಗಳು. ಅವನ ಅಜ್ಜಿ ತಾವು ಹುಟ್ಟಿದ ಕೋಣೆಯನ್ನು ತೋರಿಸಿದರು. ಈಗಲೂ ಅಲ್ಲೇ ಮಲಗುತ್ತಾರಂತೆ. ಹೊಟ್ಟೆಕಿಚ್ಚಾಯಿತು.

ಹೊರಡುವಾಗ ನಮ್ಮ ರೂಢಿಯ ಮಾತನ್ನೇ ಇಂಗ್ಲಿಷಿನಲ್ಲಿ ಅಂದುಬಿಟ್ಟೆ: ಹೋಗಿ ಬರುತ್ತೇನೆ. ಅಜ್ಜಿ ನಿಜವೆಂದೇ ನಂಬಿ, “ಯಾವತ್ತು ಬರುತ್ತೀಯಪ್ಪ?” ಎಂದರು.

ಮೆಟ್ಟೂರು ಅಣೆಕಟ್ಟಿನ ನೀರು ನಮ್ಮೂರನ್ನು ಮುಳುಗಿಸುವ ಮುಂಚೆ, ಸೇಲಂಗೆ ಹೊರಟ ಗಾಡಿಯಿಂದ ಅವ್ವ ಮತ್ತೆ ಇಳಿದಳು. ಮಗ್ಗ ಕಿತ್ತ, ಬಾಗಿಲು ಕಿತ್ತ ಮನೆಯ ಹೊಸ್ತಿಲು ಮುಟ್ಟಿ, “ಓಗ್ಬತ್ತೀನಿ ತಾಯಿ” ಅಂದಳು. ಯಾವತ್ತು, ಎಲ್ಲಿಗೆ ಎಂದು ಅಪ್ಪ ಕೇಳಲಿಲ್ಲ. ಎತ್ತಿನ ಹಗ್ಗ ಬಿಗಿಯುತ್ತ ಅತ್ತ ತಿರುಗಿ ನಿಂತ.