ಮಾವನ ತಟ್ಟೆ, ನಿಮ್ಮ ಪರಂಗಿಕಾಯಿ

ಅತ್ತೆ,

ಇದೊಂದನ್ನು ನಿಮಗೆ ಹೇಳದೆ ಬಿಡೋಣ ಎಂದೇ ಇದ್ದೆ. ನೀವು ಹೋದ ಮೇಲೆ ಮಾವ ಸೊರಗಿಹೋದರು. ಮಾಂಸ ಮುಟ್ಟಲಿಲ್ಲ, ಕಾಳೂ ಮುಟ್ಟಲಿಲ್ಲ. ತಿಳಿಸಾರಿನಲ್ಲಿ ಎರಡು ತುತ್ತು ಮುದ್ದೆ ನುಂಗಿ ಎದ್ದುಬಿಡುತ್ತಿದ್ದರು. "ಅರಗಲ್ಲ ಕಣಮ್ಮ, ಬಿಟ್ಬುಡು." ದಿನವೂ ಅದೊಂದೇ ಮಾತು. ಅವರೂ ನಿಮ್ಮ ಹಿಂದೆಯೇ ಹೊರಟಿದ್ದಾರೇನೋ ಎಂದು ನನಗೆ ಭಯವಾಗಿತ್ತು. ಅಲ್ಲಿಯೂ ನಿಮಗೆ ಈ ಚಿಂತೆ ಬೇಕೆ ಎಂದು...

ತಳಿ ಊರಿನ ಮನೆಯ ಹಿತ್ತಲು ನೆನಪಾಗುತ್ತದೆ. ಭಾನುವಾರ ಬಂದರೆ ನೀವು ಕೋಲಿನಿಂದ ಪರಂಗಿಕಾಯಿ ಕೆಡವಿ, ಹೋಳು ಮಾಡಿ, ಕೊತಕೊತ ಕುದಿಯುವ ಬಾಡಿನ ಸಾರಿಗೆ ಹಾಕುತ್ತಿದ್ದಿರಿ. ಹೊಸ ಸೊಸೆಯಾದ ನಾನು ಇಂಗ್ಲಿಷಿನಲ್ಲಿ ಓದಿದ್ದನ್ನು ಹೇಳದೆ ಇರಲಾರದೆ, "ಕುದಿಯೋಕೆ ಹಾಕಿದ್ರೆ, ಮಾಂಸ ಮೆತ್ತಗೆ ಮಾಡೋ ಅದರ ಎನ್‌ಜೈಮ್ ಸತ್ತುಹೋಗುತ್ತೆ ಅತ್ತೆ" ಎಂದೆ.

"ಅಯ್ಯೋ, ಅದು ಬದುಕಿತ್ತಾ? ಎಷ್ಟು ಕೊಲೆ ಮಾಡ್ಬುಟ್ನಮ್ಮಿ ನಾನು!"

ಜಗಲಿಯಿಂದ ಮಾವ ಕೂಗಿದರು: "ಕೊಲೆ ಲೆಕ್ಕ ಆಮೇಲೆ ಹಾಕ್ಕಳ್ಳಿ, ಇನ್ನೊಂದು ಮೂಳೆ ಇಕ್ಕು."

ಊಟವಾದ ಮೇಲೆ ನೀವು ಅರಗಲಿ ಎಂದು ಹಣ್ಣು ಹೆಚ್ಚಿ ಇಡುತ್ತಿದ್ದುದೂ ಮರೆತಿಲ್ಲ. ಅದನ್ನೇ ನೆನೆದು ನಾವೀಗ ಇರುವ ಅವಲಪಲ್ಲಿಯ ಮನೆಯಲ್ಲಿ ಮಾವನಿಗೆ ಅನಾನಸ್ ಕೊಟ್ಟು ನೋಡಿದೆ. "ನಾನು ಇದನ್ನ ತಿಂತಿಲ್ಲ, ಇದೇ ನನ್ನ ನಾಲಿಗೆ ತಿಂತೈತೆ" ಎಂದು ತಟ್ಟೆ ತಳ್ಳಿದರು. ಅದು ಪೂರ್ತಿ ಸುಳ್ಳಲ್ಲ. ಮಾಂಸದ ಪ್ರೋಟೀನನ್ನು ತುಂಡರಿಸುವ ಗುಣವೇ ನಾಲಿಗೆಯನ್ನೂ ಚುಚ್ಚುತ್ತದಂತೆ. ಆದರೆ ಹೊಟ್ಟೆಯೊಳಗೆ ಆ ಹಣ್ಣು ಎಷ್ಟು ಕೆಲಸ ಮಾಡೀತು? ಅಲ್ಲಿ ನಮ್ಮದೇ ಆಮ್ಲ, ನಮ್ಮದೇ ರಸಗಳಿವೆ, ಹೆಚ್ಚಿನ ಕೆಲಸ ಅವುಗಳದೇ. ನೀವಂದದ್ದು ಎಷ್ಟು ನಿಜ, ನಾನಂದದ್ದು ಎಷ್ಟು ನಿಜ, ಇವತ್ತಿಗೂ ನನಗೆ ಪೂರ್ತಿ ತಿಳಿಯದು.

ಹೊಸೂರಿನ ಡಾಕ್ಟರಮ್ಮ ಮಾವನ ಬಾಯಿ ತೆರೆಸಿ ನೋಡಿದ ಗಳಿಗೆಯನ್ನಂತೂ ಮರೆಯಲಾರೆ. "ತಾತನ ಹೊಟ್ಟೆ ಚೆನ್ನಾಗೇ ಇದೆ. ದವಡೆ ಹಲ್ಲೇ ಇಲ್ವಲ್ಲಮ್ಮ! ಅಗಿಯದೆ ನುಂಗಿದ್ರೆ ಭಾರ ಆಗದೆ ಇನ್ನೇನು? ಮೆತ್ತಗೆ ಮಾಡಿಕೊಡಿ, ಪ್ರೋಟೀನ್ ಬಿಡಿಸಬೇಡಿ." ನೀವು ಪ್ರತಿ ಸಲ ಎಳೆಯ ತುಂಡುಗಳನ್ನೇ ಆರಿಸಿ ಅವರ ತಟ್ಟೆಗೆ ಹಾಕುತ್ತಿದ್ದಿರಿ. ಗಂಡನ ಮೇಲೆ ಎಷ್ಟು ಪ್ರೀತಿ ಎಂದು ನಾವೆಲ್ಲ ನಗುತ್ತಿದ್ದೆವು. ನಿಮಗೆ ಆಗಲೇ ಗೊತ್ತಿತ್ತು, ಅಲ್ಲವೇ?

ಮೊದಲ ಸಲ ಹಸಿ ಪರಂಗಿಕಾಯಿಯನ್ನು ಅರೆದು ಮಾಂಸಕ್ಕೆ ಸವರಿ, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ಇಟ್ಟೆ. ಬೆಳಿಗ್ಗೆ ಬೇಯಿಸಿದರೆ ತುಂಡೇ ಇಲ್ಲ. ಮಾವ ಸೌಟಿನಲ್ಲಿ ಎತ್ತಿ ನೋಡಿ, "ಇದೇನಮ್ಮ, ಬಾಡೋ ಅಂಬಲಿಯೋ?" ಎಂದರು. ನೀವು ಹೋದ ಮೇಲೆ ಅವರು ನಗುತ್ತಾ ಮಾತಾಡಿದ್ದು ಅದೇ ಮೊದಲು.

ಕಳೆದ ಭಾನುವಾರ ಸ್ವಲ್ಪವೇ ಸವರಿ, ಅರ್ಧ ಗಂಟೆ ಬಿಟ್ಟು ಒಲೆಗೇರಿಸಿದೆ. ಮಾವ ಒಂದು ತುಂಡು ಬಾಯಿಗೆ ಹಾಕಿಕೊಂಡು ವಸಡಿನಲ್ಲೇ ನಿಧಾನವಾಗಿ ಅರೆದು ನುಂಗಿದರು.

"ನಿಮ್ಮತ್ತೆ ಸಾರಿನಂಗಿಲ್ಲ."

ನನ್ನ ಮುಖ ಸಪ್ಪಗಾಯಿತು. ಅವರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ತಟ್ಟೆ ಮುಂದಕ್ಕೆ ಸರಿಸಿದರು. "ಇನ್ನೊಂದೆರಡು ತುಂಡು ಇಕ್ಕು."

ಅತ್ತೆ, ಮಾವ ಉಣ್ಣುತ್ತಿದ್ದಾರೆ. ಹಿರಿಯರ ಹಬ್ಬ ಮಾರ್ಲಮಿ ಹತ್ತಿರ ಬಂತು, ತಳಿಯ ಮನೆಯಲ್ಲೇ ನಿಮಗೆ ಎಡೆ ಇಡುತ್ತೇವೆ. ಸಾರು ಯಾರ ತರಹ ಮಾಡಲಿ ಎಂದು ನಿನ್ನೆ ಕೇಳಿದೆ. "ಅವಳಿಗೆ ಅವಳಂಗೇ ಮಾಡು, ಹೋಳು ಕುದಿಯೋಕೇ ಹಾಕು. ನನಗೆ ನಿನ್ನಂಗೆ ಮಾಡು" ಎಂದರು.

ಹಾಗಾಗಿ ಎರಡು ಪಾತ್ರೆ. ಈ ಕಾಗದ ಅಂಚೆಗೆ ಹೋಗುವುದಲ್ಲ, ನಿಮ್ಮ ಎಲೆಯ ಪಕ್ಕ ಇಡುತ್ತೇನೆ, ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ.