ಹಿಂದಕ್ಕೆ ಸರಿಯುವ ಪಾಠ

ಕಾರಟಗಿ
ಶುಕ್ರವಾರ

ಮುದಕಮ್ಮಕ್ಕನವರಿಗೆ ಶಾಲೆಯ ಫುಟ್‌ಬಾಲ್ ಕೋಚ್ ಹೇಮಾಳ ನಮಸ್ಕಾರ.

“ನಾಟಿ ಮುಗಿಯೂತನಕ ಆಟಗೀಟ ಏನೂ ಇಲ್ರಿ” ಎಂದು ನೀವು ಹೇಳಿ ಕಳಿಸಿದ್ದು ತಿಳಿಯಿತು. ಎದುರಾಳಿ ಚೆಂಡು ತಂದಾಗ ನಿಮ್ಮ ಲಲಿತಾ ಒಬ್ಬಳೇ ಮುಖ ತಿರುಗಿಸದೆ ಹಿಂದಕ್ಕೆ ಸರಿಯುತ್ತ ತಡೆಯುತ್ತಾಳೆ. ಉಳಿದ ಹುಡುಗಿಯರು ಎಡವಿ ಬೀಳುತ್ತಾರೆ. ಎಲ್ಲಿ ಕಲಿತೆ ಎಂದು ಕೇಳಿದರೆ, “ಅವ್ವನ ಜೋಡಿ ಸಸಿ ಹಚ್ಚೂದು ಹಂಗ ಅಲ್ಲೇನ್ರಿ ಮೇಡಂ, ಹಿಂದಕ್ಕ ಹಿಂದಕ್ಕ” ಎಂದಳು.

ಆದ್ದರಿಂದ ಭಾನುವಾರದ ಅಭ್ಯಾಸ ನಿಮ್ಮ ಗದ್ದೆಯಲ್ಲೇ ಇಟ್ಟಿದ್ದೇನೆ. ಸಸಿ ಕಿತ್ತಿಡಿ, ಬುತ್ತಿ ನಾವೇ ತರುತ್ತೇವೆ. ಸಾಲು ಸೊಟ್ಟಗಾದರೆ ಬೈಯಿರಿ, ನನ್ನನ್ನೂ ಸೇರಿಸಿ.

ನಾಟಿ ಮುಗಿದರೆ ಸೋಮವಾರ ಗಂಗಾವತಿಯ ಪಂದ್ಯಕ್ಕೆ ಲಲಿತಾಳನ್ನು ಕಳಿಸಿ, ನೀವೂ ಬನ್ನಿ. ಹುಡುಗಿಯರೆಲ್ಲ ನಿಮ್ಮಂತೆಯೇ ಹಿಂದಕ್ಕೆ ನಡೆದು ಗೆಲ್ಲುವುದನ್ನು ನೋಡುವಿರಂತೆ.

ಭಾನುವಾರ ನಿಮ್ಮ ಬದುವಿನ ಮೇಲೆ ಸಿಗುವ,
ಹೇಮಾ