ಟ್ರೇಲರ್‌ನಲ್ಲಿ ಬರುವ ಬೈಕ್

ಬಿಸಿಲಿಗೆ ಬಾಡದ, ಮಳೆಗೆ ಓಡದ, ಒಹಾಯೊ ಬೈಕ್ ಸಂಘದ ವೀರಾಧಿವೀರರೇ,

ಈ ಸಲದ ಮೇಳಕ್ಕೆ ನಾನು ಬೈಕನ್ನು ಮುಚ್ಚಿದ ಟ್ರೇಲರ್‌ನಲ್ಲಿ ಹೇರಿಕೊಂಡು ಬರುತ್ತಿದ್ದೇನೆ. ಬೈಕ್ ಒಳಗೆ, ಮರ್ಯಾದೆ ಹೊರಗೆ! ಹಾಗೆ ಬಂದವನು ಗುಲಾಬಿ ಏಪ್ರನ್ ತೊಟ್ಟು ಎಲ್ಲರಿಗೂ ಪ್ಯಾನ್‌ಕೇಕ್ ಬಡಿಸಬೇಕೆಂಬ ನಮ್ಮ ನಿಯಮ ಗೊತ್ತಿದೆ. ಹೋದ ವರ್ಷ ಹೀಗೇ ಟ್ರೇಲರ್‌ನಲ್ಲಿ ಬಂದ ಹಾರ್ಲನ್‌ಗೆ ಆ ಏಪ್ರನ್ ಕಟ್ಟಿದವನೇ ನಾನು. ಅದನ್ನು ನನಗಾಗಿ ಒಗೆದಿಡಿ.

ಟ್ರೇಲರ್‌ನೊಳಗೆ ಬೈಕಿನ ಮುಂದಿನ ಚಕ್ರ ಅಲುಗದಂತೆ ಹಿಡಿಯುವ ಕಬ್ಬಿಣದ ಕವೆ ಕೂರಿಸಿದೆ. ಬೈಕ್ ಕಟ್ಟುವ ಪಟ್ಟಿ ಬಿಗಿಯುವ ಉಂಗುರಗಳನ್ನು ಮೊದಲು ಬರೀ ನೆಲದ ಹಲಗೆಗೆ ಜಡಿದಿದ್ದೆ. ಎಳೆದೊಯ್ದು ನೋಡಿದಾಗ ಮೊದಲ ತಿರುವಿನಲ್ಲೇ ಕಿತ್ತು ಬಂದವು. ಈಗ ಕೆಳಗಿನ ಉಕ್ಕಿನ ಚೌಕಟ್ಟಿಗೇ ಬೋಲ್ಟ್ ಹಾಕಿದ್ದೇನೆ. ಆದರೂ ಊಟದ ನಡುವೆ ಎದ್ದೆದ್ದು ಹೋಗಿ ಪಟ್ಟಿ ಎಳೆದು ನೋಡುತ್ತೇನೆ.

"ಅದೇನು ಓಡಿಹೋಗೋ ಕುದುರೇನಾ? ಬಂದು ಉಣ್ಣು ಮಾರಾಯ" ಎಂದು ನನ್ನ ಹೆಂಡತಿ ಲೊರೇನ್ ಬೈಯುತ್ತಾಳೆ.

ಯಾಕೆ ಟ್ರೇಲರ್ ಎಂದು ನೀವು ಕೇಳಿದರೆ, ಹೊಸ ಬಣ್ಣ ಹಾಳಾಗುತ್ತದೆ ಎನ್ನೋಣವೆಂದಿದ್ದೆ. ಅದು ಸುಳ್ಳು. ಅರ್ಧ ಗಂಟೆ ಓಡಿಸಿದರೆ ನನ್ನ ಎಡಗೈಗೆ ಕ್ಲಚ್ ಹಿಡಿಯುವ ಬಲವೇ ಉಳಿಯುವುದಿಲ್ಲ. ಮೇಳದ ಪಕ್ಕದ ಕೆರೆಯ ಸುತ್ತ ನಿಮ್ಮ ಜೊತೆ ಒಂದು ಸವಾರಿಗೆ ಆ ಅರ್ಧ ಗಂಟೆ ಸಾಕು. ನಿಧಾನವಾಗಿ ಓಡಿಸಿ. ನನ್ನನ್ನು ಬಿಟ್ಟು ಹೋಗಬೇಡಿ.

ನಿಮ್ಮವನೇ,
ಡ್ವೇನ್